ಕೀಲೆಣ್ಣೆ ಕುಡಿದ ಗಾಲಿ

ಔಡಲೆಣ್ಣೆ ಕಾಯಿಸುವ ವಾಸನೆ ಬಂದರೆ ಬಹಳ ಮಂದಿಗೆ ಬಾಣಂತಿ ಕೋಣೆ ನೆನಪಾಗುತ್ತದೆ. ನನಗೆ ನೆನಪಾಗುವುದು ಸೈಕಲ್ಲಿನ ಹಿಂದಿನ ಗಾಲಿ. ಕಳೆದ ತಿಂಗಳು ಹಮ್ಮಿಗಿಯಲ್ಲಿ ಗೆಳತಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿದ್ದೆ. ಹಿತ್ತಿಲಲ್ಲಿ ಒಬ್ಬ ಮುದುಕಿ ಸಣ್ಣ ಬೋಗುಣಿಯಲ್ಲಿ ಔಡಲೆಣ್ಣೆ ಬಿಸಿ ಮಾಡುತ್ತಿದ್ದರು. ಹೊಳೆಯ ಕಡೆಯಿಂದ ಗಾಳಿ ಬೀಸಿ ವಾಸನೆ ಪಡಸಾಲೆಯ ತನಕ ಬಂತು. ಎಲ್ಲರೂ ಜೋಗುಳಕ್ಕೆ ದನಿಗೂಡಿಸುತ್ತಿದ್ದರೆ ನಾನು ನನ್ನ ಬೆರಳಿನ ಉಗುರುಗಳನ್ನು ನೋಡಿಕೊಳ್ಳುತ್ತ ಕೂತಿದ್ದೆ.

"ಯಾಕಬೇ ರೇಣುಕಾ, ಕೈ ಏನ್ ನೋಡ್ಕೊಳಾಕತ್ತಿ? ಗೋರಂಟಿ ಹಚ್ಚೀಯೇನು?" ಎಂದು ಗೆಳತಿ ನಕ್ಕಳು.

ಗೋರಂಟಿಯಲ್ಲ. ಆ ಒಂದು ಮಳೆಗಾಲ ನನ್ನ ಉಗುರಿನ ಸಂದಿಯಲ್ಲಿ ತುಂಬಿಕೊಂಡಿದ್ದ ಕಪ್ಪನ್ನು ನಾನು ಹುಡುಕುತ್ತಿದ್ದೆ.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ನನಗೆ ಹಳ್ಳಿಯೊಂದರಲ್ಲಿ ಟಪಾಲು ಹಂಚುವ ಕೆಲಸ ಸಿಕ್ಕಿತು. ಊರು ಶಿಗ್ಲಿಯಿಂದ ಆಚೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಸಲ ಹೋದಾಗ ನನಗೆ ಅಲ್ಲಿ ಚಹಾ ಸಿಗಲಿಕ್ಕಿಲ್ಲ. ಕೆಲಸಕ್ಕೆ ಬೇಕಾಗಿದ್ದದ್ದು ಹತ್ತನೆಯ ಇಯತ್ತೆಯ ಅಂಕ ಮತ್ತು ಸೈಕಲ್ ಹೊಡೆಯಲು ಬರುವುದು. ಅಂಕ ಚೆನ್ನಾಗಿಯೇ ಇದ್ದವು. ಸೈಕಲ್ಲೂ ಬರುತ್ತಿತ್ತು, ಆದರೆ ಅದು ಬೆಟಗೇರಿಯ ಡಾಂಬರು ರಸ್ತೆಯ ಸೈಕಲ್ಲು. ಮನೆಯಿಂದ ಗದಗಿನ ಕಾಲೇಜಿಗೆ, ಕಾಲೇಜಿನಿಂದ ಮನೆಗೆ. ನಡುವೆ ಒಂದು ಇಳಿಜಾರು ಬಂದರೆ ಅದೇ ನನ್ನ ಸಾಹಸ.

ಅಪ್ಪ ನೇಕಾರ. ಮನೆಯಲ್ಲಿ ಎರಡು ಮಗ್ಗ. ಇಪ್ಪತ್ತು ವರ್ಷ ಸೀರೆಯ ಗಂಟು ಹೇರಿಕೊಂಡು ಪೇಟೆಗೆ ಓಡಾಡಿದ ತನ್ನ ಕರಿಯ ಸೈಕಲ್ಲನ್ನು ಅವನೇ ನನಗೆ ಕೊಟ್ಟಿದ್ದ. ಆದರೆ ಅದೇ ಸೈಕಲ್ಲು ನನ್ನನ್ನು ಮನೆಯಿಂದ ಕರೆದೊಯ್ಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಆದೇಶದ ಪತ್ರ ಬಂದ ದಿನ ಅವನು ಮಗ್ಗದಿಂದ ಏಳಲೇ ಇಲ್ಲ. ಕೂತಲ್ಲಿಂದಲೇ ಕೇಳಿದ:

"ಎರಿ ಮಣ್ಣು ಅಂದ್ರ ಏನಂತ ಗೊತ್ತೈತೇನು ನಿನಗ? ಮಳಿ ಆತಂದ್ರ ಕಾಲಾಗಿನ ಚಪ್ಪಲಿ ಬಿಡಂಗಿಲ್ಲ ಅದು. ಸೈಕಲ್ ಬಿಡತೈತೇನು?"

"ಅಲ್ಲಿ ಮಂದಿ ಇಲ್ಲೇನಪ್ಪಾ? ಅವರು ಅಡ್ಡಾಡಂಗಿಲ್ಲೇನು?"

"ಅವರು ಅಲ್ಲೇ ಹುಟ್ಟ್ಯಾರ. ನೀ ಇಲ್ಲಿ ಹುಟ್ಟೀದಿ."

ಮೂರು ದಿನ ಮನೆಯಲ್ಲಿ ಮಾತುಕತೆ ನಿಂತಿತು. ಕೊನೆಗೆ ಅವ್ವ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದಳು. ಒಂದು ಮಳೆಗಾಲ ನಾನು ಅಲ್ಲಿ ಇದ್ದು ನೋಡಬೇಕು. ಮಹಾನವಮಿಗೆ ಅಪ್ಪ ಬರುತ್ತಾನೆ. ಅಷ್ಟರೊಳಗೆ ಕೆಲಸ ನನ್ನ ಕೈಯಲ್ಲಿ ಆಗಲಿಲ್ಲವೆಂದರೆ ಎದುರು ಮಾತಾಡದೆ ಬಟ್ಟೆ ಕಟ್ಟಿಕೊಂಡು ಅವನ ಜೊತೆ ವಾಪಸು ಬರಬೇಕು, ಮತ್ತೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂಡಬೇಕು. ನಾನು ಹೂಂ ಅಂದೆ. ಕಂಡಿಕೆ ಸುತ್ತುವುದು ಕೀಳು ಕೆಲಸವೆಂದು ನನಗೆ ಯಾವತ್ತೂ ಅನಿಸಿಲ್ಲ. ಆದರೆ ಇಪ್ಪತ್ತೆರಡು ವರ್ಷ ಒಂದೇ ಕಿಟಕಿಯಿಂದ ಒಂದೇ ಓಣಿ ನೋಡಿದ್ದೆ. ನನ್ನ ಹೆಸರಿಗೆ ಒಂದು ಕೆಲಸ, ನನ್ನ ಕೈಗೆ ಒಂದು ಚೀಲ, ನನ್ನನ್ನು ಕಾಯುವ ನಾಲ್ಕು ಬಾಗಿಲು ಬೇಕಾಗಿದ್ದವು. ಅಷ್ಟು ಆಸೆ ನಾನು ಅದಕ್ಕೂ ಮುಂಚೆ ಯಾವುದರ ಮೇಲೂ ಪಟ್ಟಿರಲಿಲ್ಲ.

ಊರಲ್ಲಿ ನನಗೆ ಬಾಡಿಗೆಗೆ ಸಿಕ್ಕಿದ್ದು ಫಕ್ಕೀರಪ್ಪಜ್ಜನ ಮನೆಯ ಹೊರಕೋಣೆ. ಅಜ್ಜನಿಗೆ ಎಪ್ಪತ್ತೈದು ದಾಟಿತ್ತು. ಹೆಂಡತಿ ಯಲ್ಲವ್ವನನ್ನು ಊರೆಲ್ಲ ಆಯಿ ಅನ್ನುತ್ತಿತ್ತು, ನಾನೂ ಅಂದೆ. ಮಗ, ಸೊಸೆ ಅದೇ ಊರಲ್ಲಿ ಹೊಲದ ಮನೆಯಲ್ಲಿದ್ದರು, ದಿನಕ್ಕೆ ಎರಡು ಸಲ ಬಂದು ಹೋಗುತ್ತಿದ್ದರು. ಅಂಗಳದ ಮೂಲೆಯಲ್ಲಿ ಒಂದು ಚಕ್ಕಡಿ ನಿಂತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿ ಎರಡು ವರ್ಷವಾಗಿತ್ತಂತೆ. ಆದರೂ ಅಜ್ಜ ಪ್ರತಿ ಕಾರಹುಣ್ಣಿವೆಗೆ ಆ ಚಕ್ಕಡಿಯನ್ನು ತೊಳೆದು, ಅದಕ್ಕೆ ಕೀಲೆಣ್ಣೆ ಹಾಕುತ್ತಿದ್ದ. ಔಡಲೆಣ್ಣೆ ಕಾಯಿಸಿ, ಅದರಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಅರೆದು ಕಲಸಿದ ಕಪ್ಪು ರಾಡಿ ಅದು. ಚಕ್ಕಡಿಯ ಅಚ್ಚು ಮತ್ತು ಗಾಲಿ ಉಜ್ಜಿ ಸವೆಯದಂತೆ ನಡುವೆ ಬಳಿಯುವುದು. ಬಿದಿರಿನ ಗೊಟ್ಟದಲ್ಲಿ ತುಂಬಿ ಚಕ್ಕಡಿಯ ಕೆಳಗೆ ತೂಗು ಹಾಕಿರುತ್ತಿದ್ದ.

"ಓಡದ ಗಾಲಿಗೆ ಎಣ್ಣಿ ಹಾಕತಾನ ನೋಡವ್ವ. ನನ್ನ ಮೊಣಕಾಲಿಗೆ ಹಚ್ಚು ಅಂದ್ರ ಕಿವಿ ಕೇಳಂಗಿಲ್ಲ" ಎಂದು ಆಯಿ ಅಣಕಿಸುತ್ತಿದ್ದಳು.

ನನ್ನ ಪಾಲಿಗೆ ಮೂರು ಊರು. ಮೊದಲ ಎರಡು ಹತ್ತಿರ, ರಸ್ತೆಯೂ ಇತ್ತು. ಮೂರನೆಯದು ಆರು ಕಿಲೋಮೀಟರ್ ದೂರ, ಹಳ್ಳದ ಆಚೆ. ಅದಕ್ಕೆ ಹೋಗುವುದು ಹೊಲದ ದಾರಿ. ಜೂನ್ ತಿಂಗಳಿಡೀ ಮಳೆ ಹದವಾಗಿ ಬಂತು. ಹೆಸರು ಬಿತ್ತಿದ ಹೊಲಗಳು ಎರಡು ಎಲೆ ಒಡೆದು ನಿಂತವು. ನಾನು ಖಾಕಿ ಚೀಲ ಹಾಕಿಕೊಂಡು ಹೋಗುವುದನ್ನು ನೋಡಿ ಕಳೆ ತೆಗೆಯುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. "ಟಪಾಲಕ್ಕಾ, ನಮಗೇನೂ ಬಂದಿಲ್ಲೇನಬೇ?" ಎಂದು ಒಬ್ಬಳು ಕೂಗಿದರೆ, "ನಿನಗ ಯಾರ್ ಬರೀತಾರ, ಗಂಡ ಬಾಜೂಕ ಅದಾನಲ್ಲ!" ಎಂದು ಇನ್ನೊಬ್ಬಳು ಕೂಗುತ್ತಿದ್ದಳು. ಆ ನಗೆಯಲ್ಲಿ ನನ್ನದೂ ಸೇರುತ್ತಿತ್ತು. ಇಷ್ಟೇನಾ ಎರಿ ಮಣ್ಣು, ಅಪ್ಪ ಸುಮ್ಮನೆ ಹೆದರಿಸಿದ ಅಂದುಕೊಂಡೆ.

ಜುಲೈನಲ್ಲಿ ಜಡಿಮಳೆ ಹತ್ತಿತು. ಆಗ ಗೊತ್ತಾಯಿತು. ಆ ಮಣ್ಣು ಟೈರಿಗೆ ಹತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಹತ್ತು ಮಾರಿಗೊಮ್ಮೆ ಗಾಲಿಯನ್ನು ಹಿಡಿದು ನಿಲ್ಲಿಸುತ್ತಿತ್ತು. ಕಡ್ಡಿಯಿಂದ ಕೆರೆದು ತೆಗೆಯಬೇಕು, ಮತ್ತೆ ಹತ್ತಬೇಕು. ಎರಡು ವಾರದಲ್ಲಿ ಹಿಂದಿನ ಗಾಲಿ ಕಿರಿಕಿರಿ ಅನ್ನಲು ಶುರುವಾಯಿತು. ದಿನಾ ಸಂಜೆ ನಾನು ಅಂಗಳಕ್ಕೆ ಬಂದರೆ ಮೊದಲು ಆ ಸದ್ದು ಬರುತ್ತಿತ್ತು, ಹಿಂದೆ ನಾನು. ಅಜ್ಜ ಕಟ್ಟೆಯ ಮೇಲೆ ಕೂತು ತಲೆ ಅಲ್ಲಾಡಿಸುತ್ತಿದ್ದ.

"ಗಾಲಿ ಅಳಾಕತ್ತೈತಿ ತಂಗಿ."

"ನಾನೂ ಅಳಾಕತ್ತೇನ್ರಿ ಅಜ್ಜಾರ, ಅದು ನಿಮಗ ಕೇಳವಲ್ದು."

ಒಂದು ಭಾನುವಾರ ಬೆಟಗೇರಿಗೆ ಹೋಗಿ ಬಂದೆ. ಸೋಮವಾರ ಸೈಕಲ್ ಹತ್ತಿದರೆ ಸದ್ದೇ ಇಲ್ಲ. ಗಾಲಿ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಮಣ್ಣು ಒಣಗಿ ಉದುರಿರಬೇಕು ಎಂದುಕೊಂಡು ಖುಷಿಯಿಂದ ಹೊರಟೆ. ಕಟ್ಟೆಯ ಮೇಲಿದ್ದ ಅಜ್ಜ ಮೀಸೆಯಡಿಯಲ್ಲಿ ನಕ್ಕಿದ್ದು ಕಂಡಿತ್ತು. ಕಾರಣ ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಆ ಸುಖ ನಾಲ್ಕು ದಿನ ಇತ್ತು. ಐದನೆಯ ದಿನದಿಂದ ಗಾಲಿ ಭಾರವಾಗತೊಡಗಿತು. ಆರನೆಯ ದಿನಕ್ಕೆ ಒಳಗೆ ಏನೋ ಮರಳು ಅರೆದ ಹಾಗೆ ಕರಕರ ಅನ್ನುತ್ತಿತ್ತು. ಮುಂದಿನ ವಾರ ನಾಗರ ಪಂಚಮಿ. ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಹಳ್ಳದಾಚೆಯ ಊರಿನ ರತ್ನವ್ವನಿಗೆ ಒಂದು ಪಾರ್ಸಲ್ ಬಂತು. ರತ್ನವ್ವ ಊರಿನ ಟೇಲರ್. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳ ಜಂಪರುಗಳನ್ನೆಲ್ಲ ಹೊಲಿದು ಮುಗಿಸಿ, ಅಂಚಿಗೆ ಹಚ್ಚುವ ಲೇಸಿಗಾಗಿ ಕಾಯುತ್ತಿದ್ದಳು. ಹಿಂದಿನ ಸಲ ಹೋದಾಗಲೇ ನನಗೆ ಹೇಳಿದ್ದಳು, "ಯವ್ವಾ, ಅದೊಂದು ಬಂತಂದ್ರ ಅವತ್ತ ತಂದು ಕೊಡು. ಇಪ್ಪತ್ತು ಮಂದಿ ನನ್ನ ಜೀವಾ ತಿನ್ನಾಕತ್ತಾರ" ಎಂದು.

ಅವತ್ತೇ ಹೊರಟೆ. ಅರ್ಧ ದಾರಿಯಲ್ಲಿ ಹಿಂದಿನ ಗಾಲಿ ಕಟಕ್ಕೆಂದು ಸದ್ದು ಮಾಡಿ ಗಟ್ಟಿಯಾಗಿ ನಿಂತಿತು. ಮಣ್ಣು ಕೆರೆದೆ, ಒದ್ದೆ, ಬೈದೆ. ತಿರುಗಲಿಲ್ಲ. ಮೇಲೆ ಮಳೆ ಶುರುವಾಯಿತು. ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡೆ. ಸೈಕಲ್ಲನ್ನು ಬಿಟ್ಟು ಮುಂದೆ ನಡೆದುಹೋಗೋಣವೆಂದರೆ ಹಳ್ಳಕ್ಕೆ ಕೆಂಪು ನೀರು ಬಂದಿತ್ತು, ದಂಡೆಯಲ್ಲಿದ್ದ ಕುರುಬರು ದಾಟಬೇಡವೆಂದು ಕೂಗಿ ಹೇಳಿದರು. ಹಿಂದಿನ ಗಾಲಿಯನ್ನು ಎತ್ತಿ ಹಿಡಿದು, ಮುಂದಿನ ಗಾಲಿಯ ಮೇಲೆ ಸೈಕಲ್ಲನ್ನು ನೂಕುತ್ತ ಮೂರು ಕಿಲೋಮೀಟರ್ ವಾಪಸು ನಡೆದೆ. ಅವತ್ತು ಅತ್ತೆ. ಯಾರೂ ನೋಡಲಿಲ್ಲವಾದ್ದರಿಂದ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಪಾರ್ಸಲ್ ಮುಟ್ಟಿದ್ದು ಪಂಚಮಿಯ ಮರುದಿನ, ಹಳ್ಳ ಇಳಿದ ಮೇಲೆ, ಬೇರೆಯವರ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೋಗಿ. ರತ್ನವ್ವ ಅದನ್ನು ಬಿಚ್ಚಿಯೂ ನೋಡಲಿಲ್ಲ.

"ಹಬ್ಬ ಮುಗದೈತಿ. ಈಗ ಈ ಲೇಸ್ ಯಾರ ಕೊಳ್ಳಿಗೆ ಕಟ್ಲಿ? ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅಂತ ಹೇಳಬೇಕವ್ವ. ಆಗೋ ಮಂದಿನ್ನ ಕಳಸ್ತಾರ" ಎಂದಳು.

ಮಾತು ಖರೆಯೇ ಇತ್ತು, ಅದಕ್ಕೇ ಚುಚ್ಚಿತು. ಅವತ್ತು ಸಂಜೆ ಅಪ್ಪನ ಫೋನು. "ಹೆಂಗೈತಿ?" ಅಂದ. "ಆರಾಮೈತಿ" ಅಂದೆ. "ದನಿ ಹಂಗ ಅನಸವಲ್ದು" ಅಂದ. ಮಹಾನವಮಿಗೆ ಇನ್ನೂ ಎರಡು ತಿಂಗಳಿತ್ತು. ನನಗೆ ಅವತ್ತೇ ಬಟ್ಟೆ ಕಟ್ಟಬೇಕು ಅನಿಸಿತು.

ಮರುದಿನ ಶನಿವಾರ, ಅರ್ಧ ದಿನ ರಜೆ ಕೇಳಿ ಸೈಕಲ್ಲನ್ನು ಟಂಟಂ ಆಟೋದ ತಲೆಯ ಮೇಲೆ ಕಟ್ಟಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಪೇಟೆಯ ಮೂಲೆಯಲ್ಲಿ ಇಮಾಮ ಕಾಕಾನ ಅಂಗಡಿ. ಮೊದಲು ಸೈಕಲ್ ಅಂಗಡಿ, ಈಗ ಹೆಚ್ಚಾಗಿ ಮೋಟಾರ್ ಸೈಕಲ್ಲಿನ ಪಂಕ್ಚರ್. ಕಾಕಾ ಗಾಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡಿ, ಬಿಚ್ಚಲು ಸುಲಭವೆಂದು ಮೊದಲು ಮುಂದಿನದನ್ನು ಬಿಚ್ಚಿದರು. ಗಾಲಿಯ ನಡುವಿನ ಹಬ್ಬಿನೊಳಗೆ ಅಚ್ಚಿನ ಸುತ್ತ ಸಣ್ಣ ಉಕ್ಕಿನ ಗುಂಡುಗಳಿರುತ್ತವೆ, ಗಾಲಿ ತಿರುಗುವುದೇ ಆ ಗುಂಡುಗಳ ಮೇಲೆ. ಅಲ್ಲಿಂದ ಕಪ್ಪು ರಾಡಿ ಹೊರಗೆ ಬಂತು. ಕಾಕಾ ಅದನ್ನು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯವ್ವಾ ತಂಗಿ, ಇದು ಚಕ್ಕಡಿ ಕೀಲೆಣ್ಣಿ! ಐವತ್ತು ವರ್ಷದಾಗ ಸೈಕಲ್ಲಿಗೆ ಕೀಲೆಣ್ಣಿ ಕುಡಿಸಿದ್ದು ನಾ ನೋಡಿಲ್ಲ. ಯಾರ ಕೆಲಸ ಇದು?"

ಅಜ್ಜನ ಮೀಸೆಯಡಿಯ ನಗು ಆಗ ನನಗೆ ಅರ್ಥವಾಯಿತು. ಹಳೆಯ ಸೈಕಲ್ಲಿನ ಹಬ್ಬಿನ ನಡುವೆ ಎಣ್ಣೆ ಬಿಡಲು ಒಂದು ಸಣ್ಣ ತೂತಿರುತ್ತದೆ, ಮೇಲೊಂದು ಉಕ್ಕಿನ ಪಟ್ಟಿಯ ಮುಚ್ಚಳ. ನಾನು ಬೆಟಗೇರಿಗೆ ಹೋದ ಭಾನುವಾರ ಅಜ್ಜ ಆ ಮುಚ್ಚಳ ಸರಿಸಿ, ಕೀಲೆಣ್ಣೆಯನ್ನು ಬಿಸಿ ಮಾಡಿ ತೆಳುವಾಗಿಸಿ, ಎರಡೂ ಗಾಲಿಗೆ ಹೊಟ್ಟೆ ತುಂಬ ಕುಡಿಸಿದ್ದ.

"ಚಕ್ಕಡಿ ಗಾಲಿಗೆ ಇದು ಅಮೃತ. ಅಲ್ಲಿ ಗುಂಡು ಇಲ್ಲಲ್ಲ" ಎಂದರು ಕಾಕಾ. "ಇಲ್ಲಿ ಆ ಸುಟ್ಟ ಹುಲ್ಲಿನ ಕರಿ, ನಿಮ್ಮ ಎರಿ ಮಣ್ಣು ಎಲ್ಲಾ ಕೂಡಿ ಗುಂಡು ಅರದಾವ. ಹಿಂದಿನದರಾಗ ಒಂದೋ ಎರಡೋ ಒಡದಿರಬೇಕು. ಗುಂಡಿನ ಮ್ಯಾಲ ಕುಂಡ್ರೋ ಕೋನೂ ಹೋಗೇತಿ."

"ಹಂಗಾರ ರಿಪೇರಿ ಮಾಡಿಕೊಡ್ರಿ ಕಾಕಾ."

ಕಾಕಾ ಕೈ ಒರೆಸಿಕೊಂಡು ನನ್ನ ಖಾಕಿ ಚೀಲ ನೋಡಿದರು. "ಮಾಡಿಕೊಡತೇನಿ. ಮುಂದಿನ ತಿಂಗಳ ಮತ್ತ ಮಣ್ಣು ಹೊಗತೈತಿ. ಮತ್ತ ಟಂಟಂ ಮ್ಯಾಲ ಕಟ್ಟಿಕೊಂಡು ಬರತೀಯೇನು? ಟಪಾಲ್ ಯಾರ್ ಕೊಡಬೇಕು ಅವತ್ತ? ಇಲ್ಲಿ ಕುಂಡ್ರು. ಬಿಚ್ಚಾಕ ಕಲಿ."

ಹೀಗೆ ನಾನು ಪೇಟೆಯ ನಡುವೆ, ಹೋಗುವವರು ಬರುವವರೆಲ್ಲ ನೋಡುವಾಗ, ಮುಂದಿನ ಗಾಲಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ನಟ್ಟು ತಿರುಗಿಸುವ ಪಾನಾ ಹಿಡಿಯುವುದು, ಹೊರಗಿನ ನಟ್ಟು ಸಡಿಲಿಸಿ ಒಳಗಿನ ಕೋನು ತಿರುಗಿಸಿ ತೆಗೆಯುವುದು, ಅಚ್ಚು ಎಳೆಯುವಾಗ ಗುಂಡು ಚೆಲ್ಲದಂತೆ ಕೆಳಗೆ ಬಟ್ಟೆ ಹಾಸುವುದು, ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದು ಒಣಗಿಸುವುದು, ಹೊಸ ಗ್ರೀಸು ತುಂಬಿ ಅದರಲ್ಲಿ ಗುಂಡುಗಳನ್ನು ಒಂದೊಂದಾಗಿ ಕೂರಿಸುವುದು. ಎರಡು ಸಲ ನನ್ನ ಕೈಯಿಂದಲೇ ಬಿಚ್ಚಿಸಿ ಎರಡು ಸಲ ಹಾಕಿಸಿದರು. ಮೂರನೆಯ ಸಲ ಮಾಡು ಅನ್ನುವಷ್ಟರಲ್ಲಿ ಟಂಟಂ ಹೊರಡುವ ಹೊತ್ತಾಗಿತ್ತು. ಹಿಂದಿನ ಗಾಲಿಗೆಂದು ಒಂದು ಕೋನು, ಒಂದು ಡಬ್ಬಿ ಗ್ರೀಸು, ಕಾಗದದಲ್ಲಿ ಕಟ್ಟಿದ ಹದಿನೆಂಟು ಗುಂಡು, ಎರಡು ಹಳೆಯ ಪಾನಾ ಕೈಗೆ ಕೊಟ್ಟರು.

"ಈ ಕಡೆ ಒಂಬತ್ತು, ಆ ಕಡೆ ಒಂಬತ್ತು. ಒಂದೂ ಕಳೀಬ್ಯಾಡ. ಆಗ್ಲಿಲ್ಲಂದ್ರ ಬಾ, ನಾ ಎಲ್ಲೂ ಓಡಿ ಹೋಗಂಗಿಲ್ಲ."

ದಾರಿಯುದ್ದಕ್ಕೂ ಅಜ್ಜನಿಗೆ ಹೇಳಬೇಕಾದ ಮಾತುಗಳನ್ನು ಹೊಂದಿಸಿಕೊಂಡೆ. ನನ್ನ ಸಿಟ್ಟು ನಮ್ಮಪ್ಪನದು, ತಟ್ಟನೆ ಏರುತ್ತದೆ, ಇಳಿಯಲು ದಾರಿ ಗೊತ್ತಿಲ್ಲ. ಅಂಗಳಕ್ಕೆ ಕಾಲಿಟ್ಟರೆ ಅಜ್ಜ ಬಿದಿರಿನ ಗೊಟ್ಟ ಹಿಡಿದುಕೊಂಡೇ ಕೂತಿದ್ದ.

"ಬಂದೀಯೇನು ತಂಗಿ? ಗಾಲಿ ಹೆಂಗಾತು? ಇನ್ನೊಂದೀಟು ಹಾಕ್ಲ್ಯಾ?"

"ಅಜ್ಜಾರ, ನಿಮ್ಮ ಕೀಲೆಣ್ಣೀನ ನನ್ನ ಗಾಲಿ ತಿಂದೈತಿ" ಅಂದೆ. "ಗುಂಡು ಒಡದಾವ. ಪಂಚಮಿ ಪಾರ್ಸಲ್ ಮುಟ್ಟಲಿಲ್ಲ. ನನ್ನ ನೌಕರಿ ಹೋಗೋ ಹಂಗಾಗೇತಿ. ಯಾರ್ ಹೇಳಿದ್ರು ನಿಮಗ ಹಾಕಾಕ?"

ಅಜ್ಜ ಗೊಟ್ಟವನ್ನು ನೋಡಿದ, ನನ್ನನ್ನು ನೋಡಿದ. ಎದ್ದು ಚಕ್ಕಡಿಯ ಬಳಿ ಹೋಗಿ ಅದನ್ನು ಮೊದಲಿನ ಜಾಗದಲ್ಲಿ ತೂಗು ಹಾಕಿ, ಗಾಲಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಆ ಸಂಜೆ ರೊಟ್ಟಿಗೂ ಏಳಲಿಲ್ಲ. ಆಯಿ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಖರೆ ಹೇಳೀದಿ, ತಪ್ಪಿಲ್ಲ. ಆದ್ರ ಎರಡು ವರ್ಷಾತು, ಅಂವಗ ಓಡೋ ಗಾಲಿ ಒಂದೂ ಸಿಕ್ಕಿರಲಿಲ್ಲ. ನೀ ಬಂದಾಗಿಂದ ನಿನ್ನ ಗಾಲಿ ಸದ್ದು ಕೇಳಿ ಕುಂತಲ್ಲಿ ಕುಂದ್ರತಿರಲಿಲ್ಲ" ಎಂದಳು.

ಮಾತು ವಾಪಸು ತೆಗೆದುಕೊಳ್ಳಲು ಬರುವುದಿಲ್ಲವಲ್ಲ. ನನಗೆ ನಾಚಿಕೆಯಾಯಿತು, ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದೆ.

ಮರುದಿನ ಭಾನುವಾರ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಹಿಂದಿನ ಗಾಲಿ ತೆಗೆದೆ. ಆಯಿಯ ಹಳೆಯ ಪರಾತದಲ್ಲಿ ಡೀಸೆಲ್ ಹಾಕಿ ಅಚ್ಚು, ಕೋನು ಎಲ್ಲ ತೊಳೆದೆ. ಕಪ್ಪು ಹೋಗಿ ಉಕ್ಕು ಹೊಳೆಯುವಾಗ ಒಂದು ಥರದ ಸಮಾಧಾನ ಆಗುತ್ತದೆ, ಅದು ಮಾಡಿದವರಿಗೇ ಗೊತ್ತು. ಗ್ರೀಸು ತುಂಬಿ ಗುಂಡು ಕೂರಿಸಲು ಕೂತೆ. ಈ ಕಡೆ ಒಂಬತ್ತು ಸರಿಯಾಗಿ ಕೂತವು. ಆ ಕಡೆ ಎಂಟೇ ಆದವು.

ಕಾಗದ ಕೊಡವಿದೆ. ಸೀರೆಯ ನಿರಿಗೆ ಕೊಡವಿದೆ. ಮಂಡಿಯೂರಿ ಅಂಗಳವೆಲ್ಲ ತಡಕಿದೆ. ಜೋಳದ ಕಾಳಿನಷ್ಟಿರುವ ಗುಂಡು ಮಣ್ಣಲ್ಲಿ ಎಲ್ಲಿ ಸಿಗಬೇಕು? ಆಯಿ ಒಳಗಿನಿಂದ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಏಳು. ಹಂಗ ಹುಡಿಕಿದ್ರ ಸಿಗಂಗಿಲ್ಲ ಅದು. ಕಸಬರಿಗಿ ತಾ."

ಅಂಗಳದ ಆ ಭಾಗವನ್ನೆಲ್ಲ ಗುಡಿಸಿ ಒಟ್ಟು ಮಾಡಿದಳು. ಜರಡಿಯಲ್ಲಿ ಹಾಕಿ ಮಣ್ಣು ಬಿಟ್ಟಳು. ಉಳಿದದ್ದನ್ನು ಮೊರಕ್ಕೆ ಹಾಕಿ, ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಜೋಳ ಹಸನು ಮಾಡುವ ಹಾಗೆ ಕೇರಿದಳು. ಹೊಟ್ಟು ಹಾರಿತು, ಕಡ್ಡಿ ಹಾರಿತು, ಹರಳುಗಳು ಒಂದು ಕಡೆ ಸರಿದವು. ಮೊರದ ಹಿಂದಿನ ಅಂಚಿನಲ್ಲಿ ಉಕ್ಕಿನ ಗುಂಡು ಒಂದೇ ನಿಂತು ಮಿಂಚಿತು.

"ತಗೋ ನಿನ್ನ ಕಾಳು. ಚಲೋ ಬೆಳಿ ಐತಿ ಈ ವರ್ಷ" ಎಂದಳು. ಇಬ್ಬರೂ ನಕ್ಕೆವು. ಚಕ್ಕಡಿಯ ಬಳಿ ಕೂತಿದ್ದ ಅಜ್ಜ ನಗಲಿಲ್ಲ, ಆದರೆ ತಲೆ ಇತ್ತ ತಿರುಗಿಸಿದ್ದ.

ಇನ್ನು ಉಳಿದದ್ದು ಕೋನು ಬಿಗಿ ಮಾಡುವುದು. ಎಲ್ಲ ಕೆಲಸದಲ್ಲಿ ಕಷ್ಟದ್ದು ಅದೇ ಎಂದು ಕಾಕಾ ಹೇಳಿದ್ದರು. ನಾನು ಗಟ್ಟಿ ಇರಲಿ ಎಂದು ಕೈಬಲವೆಲ್ಲ ಹಾಕಿ ತಿರುಗಿಸಿದೆ, ಗಾಲಿ ತಿರುಗಲು ಮನಸ್ಸಿಲ್ಲದ ಹಾಗೆ ನಿಂತಿತು. ಸಡಿಲಿಸಿದೆ, ಗಾಲಿ ಆಚೆ ಈಚೆ ಓಲಾಡಿತು. ಮತ್ತೆ ಬಿಗಿ, ಮತ್ತೆ ಸಡಿಲ. ಹೊರಗಿನ ನಟ್ಟು ತಿರುಗಿಸಿದರೆ ಒಳಗಿನ ಕೋನೂ ಜೊತೆಗೆ ತಿರುಗಿ ಲೆಕ್ಕ ತಪ್ಪಿಸುತ್ತಿತ್ತು. ಆರನೆಯ ಸಲಕ್ಕೆ ಪಾನಾ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಹೋಯಿತು. ಪಾನಾ ಎಸೆದು ಕೂತೆ. ಆಗಲಿಲ್ಲ ಎಂದು ಅಪ್ಪನಿಗೆ ಹೇಗೆ ಹೇಳುವುದು ಎಂದು ಮಾತು ಹುಡುಕತೊಡಗಿದೆ.

ನೆರಳು ಬಿತ್ತು. ಅಜ್ಜ ಬಂದು ಎದುರು ಕುಕ್ಕರುಗಾಲಲ್ಲಿ ಕೂತ. ನನ್ನ ಮುಖ ನೋಡಲಿಲ್ಲ. ಗಾಲಿಯನ್ನು ಅಚ್ಚಿನ ಎರಡು ತುದಿ ಹಿಡಿದು ಎತ್ತಿದ, ನನಗೆ ತಿರುಗಿಸಲು ಸನ್ನೆ ಮಾಡಿದ. ತಿರುಗಿಸಿದೆ. ಕಣ್ಣು ಮುಚ್ಚಿದ. ಬೆರಳಲ್ಲೇ ಅವನಿಗೆ ಏನೋ ಕೇಳಿಸುತ್ತಿತ್ತು.

"ಬಿಗಿ ಐತಿ."

ಸ್ವಲ್ಪ ಬಿಟ್ಟೆ.

"ಇನ್ನೂ. ನುಗ್ಗಿ ಬೀಜದಷ್ಟು. ಹಾಂ. ಅಷ್ಟೂ ಬ್ಯಾಡ, ಒಂಚೂರು ಹಿಂದಕ ತಾ."

"ಹೆಂಗ ಗೊತ್ತಾಗತೈತ್ರಿ ನಿಮಗ?"

"ನಲವತ್ತು ವರ್ಷ ಚಕ್ಕಡಿ ಹೂಡೇನಿ. ಗಾಲಿಗೆ ಅಚ್ಚಿನ ಮ್ಯಾಲ ಎಷ್ಟು ಜಾಗ ಬೇಕು ಅಂತ ಗೊತ್ತಾಗಂಗಿಲ್ಲೇನು?" ಎಂದ. ಆಮೇಲೆ ಸೇರಿಸಿದ, "ಒಳಗ ಗುಂಡು ಇರತಾವ ಅನ್ನೂದೊಂದು ಗೊತ್ತಿರಲಿಲ್ಲ ತಂಗಿ."

"ನಂಗೂ ಗೊತ್ತಿರಲಿಲ್ರಿ ಅಜ್ಜಾರ. ನಿನ್ನೆ ಗೊತ್ತಾತು" ಅಂದೆ.

ಒಂದು ಪಾನಾದಿಂದ ಅವನು ಕೋನು ಅಲ್ಲಾಡದಂತೆ ಹಿಡಿದ, ಇನ್ನೊಂದರಿಂದ ನಾನು ನಟ್ಟು ಬಿಗಿದೆ. ಗಾಲಿಯನ್ನು ಎತ್ತಿ ಹಿಡಿದು ಸುಮ್ಮನೆ ಬಿಟ್ಟರೆ, ಗಾಳಿ ತುಂಬುವ ವಾಲ್ವು ಇರುವ ಭಾಗ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಗಿಳಿದು ಬರಬೇಕು, ಆಗ ಸರಿಯಾಯಿತು ಎಂದು ಕಾಕಾ ಹೇಳಿದ್ದರು. ವಾಲ್ವು ಇಳಿದು ಬಂತು, ಒಂಚೂರು ಆಚೆ ದಾಟಿ ಹೋಯಿತು, ಹಿಂದೆ ಬಂದು ನಿಂತಿತು. ಅಜ್ಜ ಅದನ್ನೇ ನಾಲ್ಕು ಸಲ ಮಾಡಿ ನೋಡಿದ. ಆಯಿ ಒಳಗಿನಿಂದ ಎರಡು ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ನಮ್ಮ ಕರಿ ಕೈ ನೋಡಿ ಬೈದು, ತಾನೇ ಮುರಿದು ಇಬ್ಬರ ಬಾಯಿಗೂ ಒಂದೊಂದು ತುತ್ತು ಇಟ್ಟಳು.

ಆಮೇಲಿನ ಎರಡು ತಿಂಗಳು ಮಳೆ ಕಡಿಮೆಯೇನೂ ಆಗಲಿಲ್ಲ. ನಾನು ಮಡ್‌ಗಾರ್ಡು ಬಿಚ್ಚಿಟ್ಟೆ, ಮಣ್ಣು ಮೈಗೆ ಹಾರಿತು, ಹಾರಲಿ ಬಿಟ್ಟೆ. ಮೂರು ವಾರಕ್ಕೊಮ್ಮೆ ಭಾನುವಾರ ಗಾಲಿ ಬಿಚ್ಚುವುದು ಒಂದು ವ್ರತವೇ ಆಯಿತು. ನಾನು ಪಾನಾ ಹಿಡಿದರೆ ಅಜ್ಜ ಅಚ್ಚು ಹಿಡಿಯುತ್ತಿದ್ದ, ಆಯಿ ಪರಾತದ ಪಕ್ಕ ಕೂತು ಗುಂಡು ಎಣಿಸುತ್ತಿದ್ದಳು. ಹೆಸರು ಕಟಾವಿಗೆ ಬಂದಾಗ ಹೊಲದ ದಾರಿಯೆಲ್ಲ ಕಾಳು ತುಂಬಿದ ಬುಡ್ಡಿಗಳ ಹಸಿ ವಾಸನೆ. ಹಳ್ಳಕ್ಕೆ ನೀರು ಬಂದ ದಿನ ಈಚೆ ದಂಡೆಯಲ್ಲಿ ಕಾದು, ಇಳಿದ ಮೇಲೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟಿದೆ. ಒಂದು ಪತ್ರವೂ ತಡವಾಗಲಿಲ್ಲ. ಗಣಪತಿ ಹಬ್ಬದ ಹಿಂದಿನ ದಿನ ರತ್ನವ್ವನಿಗೆ ಮತ್ತೊಂದು ಪಾರ್ಸಲ್ ಕೊಟ್ಟೆ. ತಲೆಯಿಂದ ಕಾಲಿನವರೆಗೆ ಕೆಸರಾಗಿದ್ದ ನನ್ನನ್ನು ನೋಡಿ ಅವಳು ಏನೋ 'ಅಯ್ಯೋ' ಅಂದು ಒಳಗೆ ಹೋಗಿ ಬಿಸಿನೀರು ತಂದಳು. ಕಾಲು ತೊಳೆಯಲು ಕೊಡುವಾಗ, "ಅವತ್ತ ಒಂದ್ ಮಾತು ಹೆಚ್ಚ ಅಂದ್ನೆವ್ವಾ" ಎಂದಳು. ಇಲ್ಲ, ಸರಿಯಾಗಿಯೇ ಅಂದಿದ್ದಳು, ನಾನು ಹಾಗೆಯೇ ಹೇಳಿದೆ.

ಮಹಾನವಮಿಗೆ ಎರಡು ದಿನ ಇರುವಾಗ ಅಪ್ಪ ಬಂದ. ನಾನು ಹಳ್ಳದಾಚೆಯ ಊರಿಂದ ಬರುವಾಗ ಕಟ್ಟೆಯ ಮೇಲೆ ಅಜ್ಜನ ಪಕ್ಕ ಕೂತಿದ್ದ. ಮೊಣಕಾಲ ಮೇಲೆ ಮಡಚಿದ ದೊಡ್ಡ ಖಾಲಿ ಚೀಲ. ನನ್ನ ಬಟ್ಟೆ ತುಂಬಲು ತಂದದ್ದು ಎಂದು ನೋಡಿದ ಕೂಡಲೇ ಗೊತ್ತಾಯಿತು.

ಅಪ್ಪ ಎದ್ದು ಬಂದು ಮೊದಲು ನೋಡಿದ್ದು ನನ್ನನ್ನಲ್ಲ, ಸೈಕಲ್ಲನ್ನು. ಸೀಟು ಹಿಡಿದು ಹಿಂದಿನ ಗಾಲಿ ಎತ್ತಿದ, ಕೈಯಿಂದ ಒಮ್ಮೆ ಮುಂದಕ್ಕೆ ಹೊಡೆದ. ಗಾಲಿ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಪಕ್ಕದಿಂದ ಅಲ್ಲಾಡಿಸಿ ನೋಡಿದ, ಓಲಾಡಲಿಲ್ಲ.

"ನನ್ನ ಕೈಯಾಗ ಇದ್ದಾಗೂ ಇಷ್ಟು ಹಗರ ಇರಲಿಲ್ಲ. ಯಾರ್ ಮಾಡಿದ್ರು?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಕಟ್ಟೆಯಿಂದ ಹೇಳಿದ, "ಅಕೀನ ಮಾಡ್ಯಾಳ್ರಿ. ಕೆಡಿಸಿದಾಂವ ನಾನು, ಮಾಡಿದಾಕಿ ಅಕಿ."

ಅಪ್ಪ ನನ್ನ ಕೈ ಹಿಡಿದು ತಿರುಗಿಸಿ ನೋಡಿದ. ಉಗುರಿನ ಸಂದಿಯ ಕಪ್ಪು, ಗೆಣ್ಣಿನ ಮೇಲಿನ ಗಾಯದ ಕಲೆ. ಚಹಾ ಆಯಿತು, ಊರಿನ ಸುದ್ದಿ ಆಯಿತು, ಅವ್ವ ಕಳಿಸಿದ ಕರದಂಟು ಎಲ್ಲರ ಕೈಗೂ ಬಂತು. ಒಪ್ಪಂದದ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ನಾನು ತೆಗೆದು, ಅವನು ಬಾ ಅಂದುಬಿಟ್ಟರೆ? ಕೊಟ್ಟ ಮಾತು ಕೊಟ್ಟದ್ದೇ. ಆಗಿದೆ ಎಂದು ನಾನು ಹೇಳಿದರೆ ಆಗುವುದಿಲ್ಲ, ಅವನಿಗೆ ಅನಿಸಬೇಕು. ನಾಲ್ಕೂವರೆಗೆ ಅಪ್ಪ ಎದ್ದ.

"ಗದಗಿನ ಬಸ್ಸಿಗೆ ಹೊತ್ತಾತು. ನಡಿ."

ನಡಿ ಅಂದರೆ ಬಸ್ಸಿಗೆ ಬಿಟ್ಟು ಬಾ ಅಂತಲೋ, ಹೊರಡು ಅಂತಲೋ, ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಆಯಿ ಅವನ ಚೀಲ ಇಸಿದುಕೊಂಡು ಹೊಸ ಹೆಸರುಕಾಳು ತುಂಬಿ ಬಾಯಿ ಕಟ್ಟಿಬಿಟ್ಟಿದ್ದಳು. ಅಪ್ಪ ಚೀಲವನ್ನು ನೋಡಿದ, ಬೇಡ ಅನ್ನಲಿಲ್ಲ.

ಬಸ್ಸು ನಿಲ್ಲುವ ದೊಡ್ಡ ರಸ್ತೆ ಅಲ್ಲಿಂದ ಎರಡು ಕಿಲೋಮೀಟರ್. "ಕುಂಡ್ರಪ್ಪಾ" ಎಂದು ಕ್ಯಾರಿಯರ್ ತೋರಿಸಿದೆ. ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಹಸಿ ದಾರಿಯಲ್ಲಿ ಮೊದಲ ನಾಲ್ಕು ತುಳಿತ ಕಷ್ಟವಾಯಿತು, ಆಮೇಲೆ ಗಾಲಿ ಎಳೆದುಕೊಂಡು ಹೋಯಿತು. ಸಣ್ಣವಳಿದ್ದಾಗ ಇದೇ ಸೈಕಲ್ಲಿನ ಮುಂದಿನ ದಾಂಡಿನ ಮೇಲೆ ಅವನು ನನ್ನನ್ನು ಕೂರಿಸಿಕೊಂಡು ಪೇಟೆ ಸುತ್ತಿಸುತ್ತಿದ್ದ. "ಭಾರ ಆಗತೈತೇನು?" ಎಂದು ಒಂದು ಸಲ ಕೇಳಿದ. ಇಲ್ಲ ಎಂದೆ. ಸುಳ್ಳು ಹೇಳಿದ್ದೆ.

ಬಸ್ಸು ಬಂತು. ಅಪ್ಪ ಹತ್ತಿ ಬಾಗಿಲಲ್ಲೇ ನಿಂತ, ನಾನು ಕೆಳಗಿನಿಂದ ಚೀಲ ಎತ್ತಿ ಕೊಟ್ಟೆ. ಕಂಡಕ್ಟರ್ ಟಿಕೀಟಿನ ಯಂತ್ರ ಹಿಡಿದು ಬಗ್ಗಿ ನನ್ನನ್ನು ನೋಡಿದ.

"ಜಲ್ದಿ ಹತ್ತರಿ ಅಕ್ಕಾರ. ಫ್ರೀ ಟಿಕೀಟಿಗೆ ಆಧಾರ್ ಕಾರ್ಡ್ ತೋರಸ್ರಿ. ಇಬ್ಬರೇನ್ರಿ ಯಜಮಾನ್ರ?"

ಅಪ್ಪ ನನ್ನ ಕಡೆ ನೋಡಿದ. ಮೊದಲ ಸಲ ಪೂರ್ತಿ ನೋಡಿದ, ಕೆಸರು ಮೆತ್ತಿದ ಕಾಲಿನಿಂದ ಹೆಗಲಲ್ಲೇ ಉಳಿದಿದ್ದ ಖಾಕಿ ಚೀಲದ ತನಕ. ಆಮೇಲೆ ಕಂಡಕ್ಟರನ ಕಡೆ ತಿರುಗಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ:

"ಇಲ್ಲ, ನಾ ಒಬ್ಬನ. ಬೆಟಗೇರಿಗೆ ಒಂದ ಕೊಡ್ರಿ. ಅಕಿ ಇಲ್ಲೇ ಇರತಾಳ, ಅಕಿಗೆ ನಾಳೆ ಟಪಾಲ್ ಹಂಚೂದೈತಿ."